ಅಲರ್ಜಿ ಮಾತ್ರೆ ಅಂದರೆ ಯಾವ ಮಾತ್ರೆ?

ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರುವಾದರೆ ನನಗೆ ಒಂದೆರಡಕ್ಕೆ ನಿಲ್ಲುವುದಿಲ್ಲ. ಒಮ್ಮೆ ಎಣಿಸಿದ್ದೆ, ಹದಿನೇಳು. ಮೂಗು ಸೋರುತ್ತದೆ, ಅಂಗುಳ ತುರಿಸುತ್ತದೆ, ಕಣ್ಣು ಉಜ್ಜಿ ಉಜ್ಜಿ ಕೆಂಪಾಗುತ್ತದೆ. "ನೆಗಡಿನಾ?" ಅಂತ ಕೇಳುವವರಿಗೆ "ಅಲ್ಲ, ಧೂಳಿನ ಅಲರ್ಜಿ" ಅಂತ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಅಲರ್ಜಿ ಮಾತ್ರೆಯನ್ನು ಬೈಯಲು ಕೂತಿಲ್ಲ ನಾನು. ಅದಿಲ್ಲದಿದ್ದರೆ ನನ್ನ ಎಷ್ಟೋ ದಿನಗಳು ಹಾಸಿಗೆಯಲ್ಲೇ ಕಳೆಯುತ್ತಿದ್ದವು. ನನ್ನ ತಕರಾರು ಒಂದೇ. ನಾವು ಅದನ್ನು "ಅಲರ್ಜಿ ಮಾತ್ರೆ" ಅಂತ ಕರೆದು ಅಲ್ಲಿಗೇ ಬಿಡುತ್ತೇವೆ. ಹೆಸರು ಓದುವುದಿಲ್ಲ.

ನಾನೂ ಓದುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಮಾಮೂಲಿ ಮಾತ್ರೆ ನುಂಗಿದೆ. ಹತ್ತು ಗಂಟೆಯಾದರೂ ಮೂಗು ನಿಲ್ಲಲಿಲ್ಲ. ಡ್ರಾಯರ್ ತಡಕಾಡಿದಾಗ ಯಾವಾಗಲೋ ತಂದಿಟ್ಟಿದ್ದ ನೆಗಡಿ ಮಾತ್ರೆ ಸಿಕ್ಕಿತು. ಅದು ನೆಗಡಿಗೆ, ಇದು ಅಲರ್ಜಿಗೆ, ಬೇರೆ ಬೇರೆ ತಾನೇ ಅಂದುಕೊಂಡು ಅದನ್ನೂ ನುಂಗಿ ಕಾರು ಹತ್ತಿದೆ. ಸ್ವಲ್ಪ ಹೊತ್ತಿಗೆ ಸಿಗ್ನಲ್‌ನಲ್ಲಿ ನಿಂತಿದ್ದೆ. ಕೆಂಪು ಹೋಗಿ ಹಸಿರು ಬಂತು. ಹಸಿರು ಬಂದದ್ದು ಕಣ್ಣಿಗೆ ಕಾಣಿಸಿತು. ಆದರೆ ಹಸಿರು ಬಂದರೆ ಹೊರಡಬೇಕು ಅನ್ನುವುದು ತಲೆಗೆ ಹೋಗಲು ಹಿಂದಿನವರು ಮೂರು ಸಲ ಹಾರ್ನ್ ಹೊಡೆಯಬೇಕಾಯಿತು. ನಾನು ತೂಕಡಿಸಿರಲಿಲ್ಲ. ಕಣ್ಣು ಪೂರ್ತಿ ತೆರೆದೇ ಇತ್ತು. ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ಸಂಜೆ ಎರಡೂ ಪಟ್ಟಿಗಳನ್ನು ತಿರುಗಿಸಿ, ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆ. ಆ ಬೆಳ್ಳಿ ಹಾಳೆಯ ಮೇಲೆ ಇರುವೆ ಸಾಲಿನ ಹಾಗೆ ಅಕ್ಷರ ಹಾಕುತ್ತಾರೆ, ಯಾರಿಗಾಗಿ ಹಾಕುತ್ತಾರೋ. ಬೆಳಗಿನದು ಸೆಟಿರಿಜಿನ್. ನೆಗಡಿ ಮಾತ್ರೆಯಲ್ಲಿ ಮೂರು ಔಷಧ ಸೇರಿದ್ದವು: ಪ್ಯಾರಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಈ ಕೊನೆಯದೂ ಅಲರ್ಜಿ ಔಷಧವೇ, ಅದೂ ಹಳೇ ಕಾಲದ್ದು. ಅಂದರೆ ಗೊತ್ತಿಲ್ಲದೆ ಒಂದೇ ಕೆಲಸಕ್ಕೆ ಎರಡು ಮಾತ್ರೆ ನುಂಗಿ ಗಾಡಿ ಓಡಿಸಿದ್ದೆ.

ಈ ಮಾತ್ರೆ ಮಾಡುವುದೇನು ಅಂತ ಗೊತ್ತಿದ್ದರೆ ಅರ್ಧ ತಪ್ಪು ತಾನಾಗೇ ತಪ್ಪುತ್ತದೆ. ಧೂಳೋ ಪರಾಗವೋ ಒಳಗೆ ಹೋದಾಗ ನಮ್ಮ ಮೈಯಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಅನ್ನುವ ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಅದು ಹೋಗಿ ಕೂರಲು ಜಾಗಗಳಿವೆ. ಕೂತ ಕೂಡಲೇ ತುರಿಕೆ, ಸೀನು, ಸೋರುವ ಮೂಗು. ಮಾತ್ರೆ ಹಿಸ್ಟಮಿನ್ನನ್ನು ಓಡಿಸುವುದಿಲ್ಲ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿ ಜಾಗ ಹಿಡಿದ ಹಾಗೆ ಆ ಜಾಗವನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ. ಅದಕ್ಕೇ ಕಪಾಟು ಗುಡಿಸುವ ಮೊದಲೇ ಮಾತ್ರೆ ತಗೊಂಡವರಿಗೆ ಆರಾಮ ಜಾಸ್ತಿ, ಗುಡಿಸಿ ಹದಿನೇಳು ಸೀನು ಸೀನಿದ ಮೇಲೆ ತಗೊಂಡವರಿಗೆ ಕಡಿಮೆ. ಕಟ್ಟಿದ ಮೂಗು ಇದರಿಂದ ಅಷ್ಟಾಗಿ ಬಿಡದಿರುವುದೂ ಇದೇ ಕಾರಣಕ್ಕೆ. ಮೂಗು ಕಟ್ಟುವುದು ಹಿಸ್ಟಮಿನ್ ಒಂದರಿಂದಲೇ ಅಲ್ಲ.

ಹಳೇ ಮಾತ್ರೆ, ಹೊಸ ಮಾತ್ರೆ ಅನ್ನುವ ವ್ಯತ್ಯಾಸ ಇಲ್ಲೇ ಬರುವುದು. ಹೀಗೆ ಹಿಸ್ಟಮಿನ್ ಜಾಗ ಹಿಡಿಯುವ ಔಷಧಕ್ಕೆ ಆಂಟಿಹಿಸ್ಟಮಿನ್ ಅನ್ನುತ್ತಾರೆ. ಮೊದಲನೆಯದನ್ನು ಕಂಡುಹಿಡಿದದ್ದು 1937ರಲ್ಲಿ, ವಿಜ್ಞಾನಿ ಡೇನಿಯಲ್ ಬೋವೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ. ಅವರಿಗೆ 1957ರಲ್ಲಿ ನೊಬೆಲ್ ಬಂತು. ನಂತರದ ದಶಕಗಳಲ್ಲಿ ಬಂದ ಡೈಫೆನ್‌ಹೈಡ್ರಮಿನ್, ಪ್ರೊಮೆಥಜಿನ್, ಕ್ಲೋರ್‌ಫೆನಿರಮಿನ್, ಹೈಡ್ರಾಕ್ಸಿಜಿನ್ ಎಲ್ಲ ಒಂದೇ ಮನೆತನ. ಇವು ಮೂಗಿಗೆ ಮಾತ್ರ ಹೋಗುವುದಿಲ್ಲ, ಮಿದುಳಿಗೂ ನುಗ್ಗುತ್ತವೆ. ಮಿದುಳಿನಲ್ಲಿ ಹಿಸ್ಟಮಿನ್ ಕೆಲಸ ನಮ್ಮನ್ನು ಎಚ್ಚರವಾಗಿಡುವುದು. ಅದರ ಜಾಗ ಹಿಡಿದರೆ ಮಂಪರು ಬರದೆ ಇನ್ನೇನು? ಅದೂ ಬೇಗ ಇಳಿಯುವ ಮಂಪರಲ್ಲ. ದೊಡ್ಡವರಲ್ಲಿ ಕ್ಲೋರ್‌ಫೆನಿರಮಿನ್‌ನ ಅರ್ಧ ಭಾಗ ರಕ್ತದಿಂದ ಹೋಗಲಿಕ್ಕೇ ಸುಮಾರು 20 ಗಂಟೆ ಬೇಕಾಗುತ್ತದೆ. ರಾತ್ರಿ ನುಂಗಿದ್ದೇನಲ್ಲ, ಬೆಳಿಗ್ಗೆಗೆ ಸರಿಹೋಗುತ್ತದೆ ಅನ್ನುವ ಲೆಕ್ಕ ತಪ್ಪುವುದು ಇಲ್ಲಿ.

2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದ ಮೇಲೆ ನನ್ನ ಸಿಗ್ನಲ್ ಪ್ರಸಂಗ ಅರ್ಥವಾಯಿತು. ಅಮೆರಿಕದ ಅಯೋವಾದಲ್ಲಿ ಅಲರ್ಜಿ ಇರುವ 40 ಜನರನ್ನು ಕಾರಿನಂಥದೇ ಯಂತ್ರದಲ್ಲಿ ಕೂರಿಸಿ ನಾಲ್ಕು ಸಲ ಓಡಿಸಿದರು. ಒಮ್ಮೆ ಡೈಫೆನ್‌ಹೈಡ್ರಮಿನ್ ಕೊಟ್ಟು, ಒಮ್ಮೆ ಹೊಸ ಬಗೆಯ ಫೆಕ್ಸೊಫೆನಡಿನ್ ಕೊಟ್ಟು, ಒಮ್ಮೆ ಮದ್ಯ ಕುಡಿಸಿ, ಒಮ್ಮೆ ಏನೂ ಔಷಧವಿಲ್ಲದ ಸುಳ್ಳು ಮಾತ್ರೆ ಕೊಟ್ಟು. ಎಲ್ಲಕ್ಕಿಂತ ಕೆಟ್ಟದಾಗಿ ಓಡಿಸಿದ್ದು ಡೈಫೆನ್‌ಹೈಡ್ರಮಿನ್ ತಗೊಂಡಾಗ, ಕುಡಿದಾಗಿನದಕ್ಕಿಂತಲೂ ಕೆಟ್ಟದಾಗಿ. ಇನ್ನೂ ಒಂದು ವಿಷಯ. ತಮಗೆ ಎಷ್ಟು ನಿದ್ದೆ ಬರುತ್ತಿದೆ ಅಂತ ಅವರು ಹೇಳಿದ್ದಕ್ಕೂ ಓಡಿಸಿದ ರೀತಿಗೂ ಸರಿಯಾಗಿ ತಾಳೆಯಾಗಲಿಲ್ಲ. "ನನಗೇನೂ ನಿದ್ದೆ ಬರಲ್ಲಪ್ಪ" ಅನ್ನುವವರ ಮಾತನ್ನು ನಾನು ಈಗ ನಂಬುವುದಿಲ್ಲ. ನನ್ನ ಮಾತನ್ನೂ ನಂಬುವುದಿಲ್ಲ.

ಹೊಸ ಮಾತ್ರೆಗಳಲ್ಲೂ ಎಲ್ಲವೂ ಒಂದೇ ಅಲ್ಲ. ಫೆಕ್ಸೊಫೆನಡಿನ್ ಮತ್ತು ಲೊರಾಟಡಿನ್ ನಿದ್ದೆ ತರುವುದು ಬಹಳ ಕಡಿಮೆ. ಸೆಟಿರಿಜಿನ್ ಕೆಲವರಿಗೆ ಮಂಪರು ತರುತ್ತದೆ. ಅದು ಹಳೇ ಹೈಡ್ರಾಕ್ಸಿಜಿನ್ ಮೈಯೊಳಗೆ ಮಾರ್ಪಾಡಾಗಿ ಹುಟ್ಟುವ ವಸ್ತು, ರಕ್ತಸಂಬಂಧ ಪೂರ್ತಿ ಹೋಗುತ್ತದೆಯೇ? ಲಿವೊಸೆಟಿರಿಜಿನ್ ಅಂದರೆ ಸೆಟಿರಿಜಿನ್‌ನಲ್ಲಿ ನಿಜವಾಗಿ ಕೆಲಸ ಮಾಡುವ ಅರ್ಧ ಭಾಗ. ಅದಕ್ಕೇ ದೊಡ್ಡವರಿಗೆ ಸೆಟಿರಿಜಿನ್ ದಿನಕ್ಕೆ 10 ಮಿಲಿಗ್ರಾಂ ಆದರೆ ಲಿವೊಸೆಟಿರಿಜಿನ್ 5 ಸಾಕು. "ಇದು ಬರೀ 5 ಇದೆ, ಎರಡು ತಗೋ" ಅಂತ ಸಲಹೆ ಕೊಡುವವರನ್ನು ನಾನೇ ನೋಡಿದ್ದೇನೆ. ಮೂತ್ರಪಿಂಡದ ತೊಂದರೆ ಇರುವವರಿಗಂತೂ ಇವೆರಡರ ಪ್ರಮಾಣ ಇನ್ನೂ ಕಡಿಮೆಯಾಗಬೇಕು, ಯಾಕೆಂದರೆ ಇವು ಹೊರಗೆ ಹೋಗುವ ದಾರಿಯೇ ಅದು.

ಫೆಕ್ಸೊಫೆನಡಿನ್‌ಗೂ ಒಂದು ಕಥೆ ಇದೆ. ಮೊದಲು ಟರ್ಫೆನಡಿನ್ ಅನ್ನುವ ಮಾತ್ರೆ ಇತ್ತು. ನಿದ್ದೆ ತರದ ಮಾತ್ರೆ ಅಂತ ಹೆಸರು ಮಾಡಿತ್ತು. ಯಕೃತ್ತು ಅದನ್ನು ಫೆಕ್ಸೊಫೆನಡಿನ್ ಆಗಿ ಬದಲಿಸುತ್ತಿತ್ತು. ಆದರೆ ಎರಿಥ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್ಕನ್ನೋ ಕೀಟೊಕೊನಜೋಲ್ ಅನ್ನುವ ಫಂಗಸ್ ಸೋಂಕಿನ ಮಾತ್ರೆಯನ್ನೋ ಜೊತೆಗೆ ತಗೊಂಡರೆ ಯಕೃತ್ತಿನ ಆ ಕೆಲಸಕ್ಕೆ ಅಡ್ಡಿಯಾಗಿ, ಬದಲಾಗದ ಟರ್ಫೆನಡಿನ್ ರಕ್ತದಲ್ಲಿ ತುಂಬಿ, ಹೃದಯದ ಬಡಿತವೇ ತಾಳ ತಪ್ಪುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ಅದರ ಜಾಗಕ್ಕೆ ಬಂದ ಫೆಕ್ಸೊಫೆನಡಿನ್‌ಗೆ ಆ ಅಪಾಯ ಇಲ್ಲ. ಅದರ ಹಟ ಬೇರೆ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನೀರಿನಲ್ಲೇ ನುಂಗಬೇಕು. "ಈ ಮಾತ್ರೆ ಕೆಲಸವೇ ಮಾಡಲ್ಲ" ಅಂತ ದೂರುವವರು ಒಮ್ಮೆ ಲೋಟದಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳಿ.

ವಯಸ್ಸಾದವರ ವಿಷಯಕ್ಕೆ ಬಂದರೆ ನನಗೆ ನಮ್ಮ ದೊಡ್ಡಪ್ಪ ನೆನಪಾಗುತ್ತಾರೆ. ಪ್ರಾಸ್ಟೇಟ್ ತೊಂದರೆ ಮೊದಲೇ ಇತ್ತು. ನೆಗಡಿ ಅಂತ ಮೂರು ದಿನ ತಾವೇ ಮಾತ್ರೆ ನುಂಗಿದ್ದಾರೆ. ಮೂರನೇ ರಾತ್ರಿ ಮೂತ್ರ ಕಟ್ಟಿಕೊಂಡಿತು. ಹೊಟ್ಟೆಯ ಕೆಳಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಒದ್ದಾಡುತ್ತಿದ್ದರು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಮಾತ್ರೆ ತಗೊಂಡ್ರಿ?" ದೊಡ್ಡಪ್ಪ ಹೇಳಿದ್ದು, "ಸುಮ್ನೆ ನೆಗಡಿ ಮಾತ್ರೆ ಡಾಕ್ಟ್ರೇ." ಹಳೇ ಆಂಟಿಹಿಸ್ಟಮಿನ್‌ಗಳು ಬಾಯಿ ಒಣಗಿಸುತ್ತವೆ, ಮಲಬದ್ಧತೆ ತರುತ್ತವೆ, ಮೂತ್ರಚೀಲ ಸರಿಯಾಗಿ ಹಿಂಡದಂತೆ ಮಾಡುತ್ತವೆ, ವಯಸ್ಸಾದವರಲ್ಲಿ ಗಲಿಬಿಲಿ ಹುಟ್ಟಿಸುತ್ತವೆ. ಕೆಲವು ಬಗೆಯ ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರಿಗೂ ಆಗಿಬರುವುದಿಲ್ಲ. ರಾತ್ರಿ ಎದ್ದು ತೂರಾಡಿ ಬೀಳುವುದಂತೂ ಬೇರೆಯೇ ಭಯ.

ಇನ್ನು ಮಕ್ಕಳು. ಪ್ರಯಾಣದಲ್ಲಿ ಮಗು ಮಲಗಲಿ ಅಂತ ಅಲರ್ಜಿ ಸಿರಪ್ ಕುಡಿಸುವವರಿದ್ದಾರೆ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ಇದು ತಪ್ಪು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಟ್ಟರೆ ಉಸಿರೇ ನಿಧಾನವಾಗಿ ಜೀವಕ್ಕೆ ಕುತ್ತು ಬರಬಹುದು. ಕೆಲವು ಮಕ್ಕಳಲ್ಲಿ ಹಳೇ ಔಷಧಗಳು ಮಲಗಿಸುವುದರ ಬದಲು ಕೆರಳಿಸಿ ಕುಣಿಸುತ್ತವೆ. ಡಾಕ್ಟರು ಬರೆದಾಗಲೂ ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ, ಬಾಟಲಿ ಜೊತೆ ಬರುವ ಅಳತೆಯದ್ದೇ ಬಳಸಿ.

ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಈಗ ಬರುತ್ತೇನೆ. ಪಿತ್ತದ ಗಂಧೆ ಎದ್ದಾಗ, ಮೈ ತುರಿಸಿದಾಗ ಮಾತ್ರೆ ಸರಿ. ಆದರೆ ಏನೋ ತಿಂದ ಮೇಲೋ ಕಣಜ ಕಚ್ಚಿದ ಮೇಲೋ ತುಟಿ ನಾಲಿಗೆ ಊದಿದರೆ, ದನಿ ಬದಲಾದರೆ, ಉಸಿರು ಎಳೆಯಲು ಕಷ್ಟವಾದರೆ, ತಲೆ ತಿರುಗಿ ಕುಸಿಯುವ ಹಾಗಾದರೆ ಅದು ಮಾತ್ರೆಯ ಕೆಲಸ ಅಲ್ಲ. ಅದನ್ನು ಅನಾಫಿಲ್ಯಾಕ್ಸಿಸ್ ಅನ್ನುತ್ತಾರೆ. ಅದಕ್ಕೆ ಮೊದಲ ಔಷಧ ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಮಾತ್ರೆ ಕರಗಿ ಕೆಲಸ ಶುರು ಮಾಡಲು ಅರ್ಧ ಗಂಟೆ, ಒಂದು ಗಂಟೆ ಬೇಕು. ಶುರುವಾದರೂ ಊದಿದ ಗಂಟಲನ್ನು ಬಿಡಿಸುವ, ಬಿದ್ದ ಬಿಪಿಯನ್ನು ಎತ್ತುವ ಶಕ್ತಿ ಅದಕ್ಕಿಲ್ಲ. "ಮಾತ್ರೆ ಕೊಟ್ಟಿದೀವಿ, ನೋಡೋಣ" ಅಂತ ಕಾಯುವ ಹೊತ್ತಿನಲ್ಲೇ ಜೀವ ಹೋಗಬಹುದು. ಆಂಬುಲೆನ್ಸ್ ಕರೆಯಿರಿ, ಅಡ್ರಿನಲಿನ್ ಇಂಜೆಕ್ಷನ್ ಪೆನ್ ಇದ್ದರೆ ಕೂಡಲೇ ಚುಚ್ಚಿ.

ದಿನಾ ತಿಂಗಳುಗಟ್ಟಲೆ ನುಂಗುವವರಿಗೆ ಎರಡು ಮಾತು. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಸೆಟಿರಿಜಿನ್ ಅಥವಾ ಲಿವೊಸೆಟಿರಿಜಿನ್ ಅನ್ನು ಬಹಳ ದಿನ ತಗೊಂಡು ನಿಲ್ಲಿಸಿದಾಗ ಕೆಲವರಿಗೆ, ಅಪರೂಪಕ್ಕೆ, ಭಯಂಕರ ತುರಿಕೆ ಬರುತ್ತದೆ ಅಂತ. ಅಲರ್ಜಿ ಮರಳಿತು ಅಂತ ಮತ್ತೆ ಮಾತ್ರೆ ಹಿಡಿಯುವ ಮೊದಲು ಡಾಕ್ಟರಿಗೆ ಹೇಳಿ. ಇನ್ನೊಂದು, ಲಿವೊಸೆಟಿರಿಜಿನ್ ಜೊತೆ ಮಾಂಟೆಲುಕಾಸ್ಟ್ ಅನ್ನುವ, ಉಬ್ಬಸಕ್ಕೂ ಕೊಡುವ ಬೇರೆ ಬಗೆಯ ಔಷಧ ಸೇರಿಸಿದ ಮಾತ್ರೆಗಳಿವೆ. ಮಾಂಟೆಲುಕಾಸ್ಟ್‌ನಿಂದ ಕೆಟ್ಟ ಕನಸು, ಖಿನ್ನತೆ, ಸಾಯುವ ಯೋಚನೆ ಬರಬಹುದು ಅಂತ ಎಫ್‌ಡಿಎ 2020ರಲ್ಲೇ ಔಷಧದ ಮಾಹಿತಿ ಹಾಳೆಯಲ್ಲಿ ಚೌಕಟ್ಟು ಹಾಕಿದ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಬರೀ ಸೀನಿಗೆ ಅದು ಬೇಕೇ ಅಂತ ಕೇಳುವುದು ತಪ್ಪಲ್ಲ. ನನ್ನ ಡಾಕ್ಟರು ಕೊನೆಗೆ ನನಗೆ ದಿನಾ ಮೂಗಿಗೆ ಹಾಕುವ ಸ್ಟಿರಾಯ್ಡ್ ಸ್ಪ್ರೇ ಬರೆದರು. ಸ್ಟಿರಾಯ್ಡ್ ಅಂದ ಕೂಡಲೇ ಹೆದರಿದ್ದೆ. ಕಟ್ಟಿದ ಮೂಗಿಗೆ ಮಾತ್ರೆಗಿಂತ ಅದೇ ವಾಸಿ ಅಂತ ಎರಡು ವಾರದಲ್ಲಿ ಗೊತ್ತಾಯಿತು.

ಮೊನ್ನೆ ತಂಗಿ ಫೋನ್ ಮಾಡಿದಳು. "ಅಕ್ಕ, ಗಂಧೆ ಎದ್ದಿದೆ, ಮನೇಲಿ ಅಲರ್ಜಿ ಮಾತ್ರೆ ಇದೆ, ತಗೊಳ್ಳಲಾ? ಆಮೇಲೆ ಗಾಡಿ ಓಡಿಸಬೇಕು." ಪಟ್ಟಿ ತಿರುಗಿಸಿ ಹೆಸರು ಓದು ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ.

"ಪರ್ಸಲ್ಲಿ ಇಟ್ಕೊಳ್ಳೋಕೆ ಕತ್ತರಿಸಿದ್ದೆ ಅಕ್ಕ. ಕೊನೇದು ಮಾತ್ರ ಉಳಿದಿದೆ."

"ಏನಂತಿದೆ?"

"ಜಿನ್."

ಸೆಟಿರಿಜಿನ್ನೋ, ಲಿವೊಸೆಟಿರಿಜಿನ್ನೋ, ಹೈಡ್ರಾಕ್ಸಿಜಿನ್ನೋ, ಪ್ರೊಮೆಥಜಿನ್ನೋ. ಬಿಸಾಕು ಅಂದೆ.