ಕ್ಯೂಎಸ್‌ಎಲ್ ಕಾರ್ಡು ಕಾಗದದಲ್ಲೇ ಉಳಿಯಬೇಕೇ?

ಪರ

ಈ ಪಕ್ಷವನ್ನು ವಹಿಸಿಕೊಳ್ಳುವಂತೆ ಸಂಪಾದಕರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನನ್ನ ರೇಡಿಯೊ ಸಂಪರ್ಕಗಳಲ್ಲಿ ಬಹುಪಾಲನ್ನು ನಾನೂ ಕಂಪ್ಯೂಟರಿನಲ್ಲೇ ದೃಢೀಕರಿಸುತ್ತೇನೆ. ಆದರೂ ಕಾಗದದ ಪರವಾಗಿ ಹೇಳಬೇಕಾದದ್ದು ಇದೆ.

ಇಬ್ಬರು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಮಾತನಾಡಿದ ಮೇಲೆ ಪರಸ್ಪರರ ಕಾಲ್‌ಸೈನ್ (ಲೈಸೆನ್ಸಿನೊಡನೆ ಸಿಗುವ ರೇಡಿಯೊ ಹೆಸರು), ದಿನಾಂಕ, ಯುಟಿಸಿ ಎಂಬ ಜಾಗತಿಕ ಸಮಯ, ಬಳಸಿದ ತರಂಗಪಟ್ಟಿ (ಬ್ಯಾಂಡು) ಮತ್ತು ಸಂಕೇತ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂಬ ವರದಿಯನ್ನು ಬರೆದು ಅಂಚೆಯಲ್ಲಿ ಕಳುಹಿಸುವ ಕಾರ್ಡೇ ಕ್ಯೂಎಸ್‌ಎಲ್. ಅಮೆರಿಕದ ಹ್ಯಾಮ್‌ಗಳ ಎಆರ್‌ಆರ್‌ಎಲ್ ಸಂಸ್ಥೆ 1937ರಲ್ಲಿ ಆರಂಭಿಸಿದ ಡಿಎಕ್ಸ್‌ಸಿಸಿ ಪ್ರಶಸ್ತಿಗೆ ನೂರು ದೇಶ–ಪ್ರದೇಶಗಳೊಡನೆ ಮಾತನಾಡಿದರಷ್ಟೇ ಸಾಲದು, ಅಷ್ಟಕ್ಕೂ ಎದುರಿನವರ ದೃಢೀಕರಣ ಬೇಕು. ಆ ಕೆಲಸವನ್ನು ಈಗ ಹೆಚ್ಚಾಗಿ ಅದೇ ಸಂಸ್ಥೆ 2003ರಲ್ಲಿ ತೆರೆದ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ ಎಂಬ ಅಂತರ್ಜಾಲ ಸೇವೆ ಮಾಡುತ್ತದೆ. 2024ರ ಮೇ ತಿಂಗಳಲ್ಲಿ ಸಂಸ್ಥೆಯ ಜಾಲದ ಮೇಲೆ ಸೈಬರ್ ದಾಳಿ ನಡೆದಾಗ ಈ ಸೇವೆ ನಿಂತುಹೋಗಿ, ಜುಲೈ 1ರಂದಷ್ಟೇ ಮರಳಿ ತೆರೆಯಿತು. ದಾಖಲೆಗಳು ಕಳೆದುಹೋಗಲಿಲ್ಲ ನಿಜ. ಆದರೆ ಜಗತ್ತಿನ ಹ್ಯಾಮ್‌ಗಳ ದಾಖಲೆಗಳೆಲ್ಲ ಒಬ್ಬರ ಮನೆಯ ಕಪಾಟಿನಲ್ಲಿವೆ, ಕೀಲಿಕೈಯೂ ಅವರ ಬಳಿಯೇ ಇದೆ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಕಾರ್ಡಿಗೆ ಚರಿತ್ರೆಯ ಬೆಲೆಯೂ ಇದೆ. ಸೋವಿಯತ್ ಕಾಲದಲ್ಲಿ ಆ ಇಡೀ ದೇಶದ ಕಾರ್ಡುಗಳಿಗೆ ಮಾಸ್ಕೋದ 88ನೇ ಅಂಚೆಪೆಟ್ಟಿಗೆಯೇ ವಿಳಾಸವಾಗಿತ್ತು. ಜೋರ್ಡಾನಿನ ದೊರೆ ಹುಸೇನ್ ಜೆವೈ1 ಎಂಬ ಕಾಲ್‌ಸೈನಿನ ಕಾರ್ಡು ಕಳುಹಿಸುತ್ತಿದ್ದರು. 2004ರ ಡಿಸೆಂಬರಿನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಅಂಡಮಾನಿನಿಂದ ವಿಯು4 ಎಂದು ಆರಂಭವಾಗುವ ಕಾಲ್‌ಸೈನ್‌ಗಳಲ್ಲಿ ಪ್ರಸಾರ ನಡೆಸುತ್ತಿದ್ದಾಗಲೇ 26ರಂದು ಸುನಾಮಿ ಅಪ್ಪಳಿಸಿ, ಹವ್ಯಾಸಕ್ಕೆಂದು ಹೋದವರು ತುರ್ತು ಸಂಪರ್ಕದ ಕೆಲಸಕ್ಕೆ ನಿಂತರು. ಆ ತಿಂಗಳ ದಿನಾಂಕವಿರುವ ಕಾರ್ಡನ್ನು ಪಡೆದವರು ಅದನ್ನು ಬರಿಯ ಅಂಕಿಅಂಶವೆಂದು ಒಪ್ಪಲಾರರು. ವಿಯೆನ್ನಾದ ಡೊಕುಫಂಕ್ ದಾಖಲೆಸಂಗ್ರಹವು ಇಂತಹ ಲಕ್ಷಾಂತರ ಕಾರ್ಡುಗಳನ್ನು ಕಾಪಾಡುತ್ತಿರುವುದೂ ಈ ಕಾರಣಕ್ಕೇ.

ವಿರೋಧ

ನನ್ನನ್ನು ಯಾರೂ ಒತ್ತಾಯಿಸಬೇಕಾಗಿರಲಿಲ್ಲ; ಈ ಪದ್ಧತಿ ಹೋಗಬೇಕೆಂದು ನಾನು ಬಹುಕಾಲದಿಂದ ಹೇಳುತ್ತಿದ್ದೇನೆ. ಕಾರ್ಡನ್ನು ಸೌಜನ್ಯದ ಕುರುಹು ಎನ್ನುವವರು ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಸೌಜನ್ಯವಾದರೆ ಅದಕ್ಕೆ ಡಾಲರ್ ಏಕೆ?

ಲೈಸೆನ್ಸ್ ಬಂದ ಹೊಸತರಲ್ಲಿ, ಸಾಗರದ ಬಳಿಯ ನಮ್ಮ ತೋಟದಲ್ಲಿ ಎರಡು ಅಡಿಕೆಮರಗಳ ನಡುವೆ ತಂತಿಯ ಡೈಪೋಲ್ ಆಂಟೆನಾ ಎಳೆದು, ಕೈಯಾರೆ ಜೋಡಿಸಿದ ಸಣ್ಣ ಟ್ರಾನ್ಸ್‌ಮಿಟರಿನಿಂದ ಮೋರ್ಸ್‌ನಲ್ಲಿ ಕರೆಯುತ್ತಿದ್ದೆ. ಒಂದು ಸಂಜೆ ಪೆಸಿಫಿಕ್ ದ್ವೀಪವೊಂದರಿಂದ ಉತ್ತರ ಬಂತು. ಕಾರ್ಡು ಬೇಕಾದರೆ ಸ್ವವಿಳಾಸದ ಲಕೋಟೆಯ ಜೊತೆಗೆ ಎರಡು ಡಾಲರ್ ಇಟ್ಟು ಕಳುಹಿಸಬೇಕು. ಸಾಗರದಲ್ಲಿ ಡಾಲರ್ ಎಲ್ಲಿ ಸಿಗಬೇಕು? ಬೆಂಗಳೂರಿನ ಚಿಕ್ಕಪ್ಪ ಯಾರದೋ ಅಳಿಯನಿಂದ ಬೇಡಿ ತಂದುಕೊಟ್ಟರು. ಲಕೋಟೆಯ ಮೇಲೆ ಕಾಲ್‌ಸೈನ್ ಬರೆಯಬೇಡವೆಂದು ಹಿರಿಯ ಹ್ಯಾಮ್ ಒಬ್ಬರು ಎಚ್ಚರಿಸಿದರು. ಕಾಲ್‌ಸೈನ್ ಕಂಡರೆ ಒಳಗೆ ನೋಟಿದೆಯೆಂದು ಕಳ್ಳರಿಗೆ ಗೊತ್ತಾಗುತ್ತದಂತೆ. ಪರೀಕ್ಷೆ ಬರೆದು, ಪೊಲೀಸ್ ವಿಚಾರಣೆ ಮುಗಿಸಿ ಪಡೆದ ಹೆಸರನ್ನು ಬಚ್ಚಿಟ್ಟುಕೊಂಡು ಕಾಗದ ಹಾಕಿದೆ. ಆದರೂ ಅದು ತಲುಪಲೇ ಇಲ್ಲ. ಮತ್ತೊಮ್ಮೆ ಕಳುಹಿಸಿದ ಮೇಲೆ ಅಂತೂ ಕಾರ್ಡು ಬಂತು: ತೆಂಗಿನ ಮರಗಳ ಚಿತ್ರ, ಹಿಂಬದಿಯಲ್ಲಿ ಮುದ್ರಿತ ಲೇಬಲ್, ಮತ್ತು ಯೂರೋಪಿನ ಅಂಚೆಚೀಟಿ. ಅದನ್ನು ಕಳುಹಿಸಿದ್ದು ಆ ದ್ವೀಪದವರ ಪರವಾಗಿ ಕಾರ್ಡು ಹಂಚುವ, ಅಲ್ಲಿಗೆ ಎಂದೂ ಹೋಗಿರದ ಒಬ್ಬ ಮ್ಯಾನೇಜರ್. ನಾನು ಮಾತನಾಡಿದವರ ಕೈ ಆ ಕಾರ್ಡನ್ನು ಮುಟ್ಟಿಯೇ ಇರಲಿಲ್ಲ.

ಅಪರೂಪದ ದ್ವೀಪಕ್ಕೆ ಹೋಗುವ ತಂಡಗಳು ಒಂದೆರಡು ವಾರಗಳಲ್ಲಿ ಹತ್ತಾರು ಸಾವಿರ ಸಂಪರ್ಕಗಳನ್ನು ಮಾಡುತ್ತವೆ. 2017ರಲ್ಲಿ ಬಂದ ಎಫ್‌ಟಿ8 ವಿಧಾನದಲ್ಲಿ ಹದಿನೈದು ಸೆಕೆಂಡುಗಳಿಗೊಂದು ಸಂದೇಶದಂತೆ ಕಂಪ್ಯೂಟರುಗಳೇ ಮಾತನಾಡಿಕೊಂಡು, ಒಂದೆರಡು ನಿಮಿಷದೊಳಗೆ ಸಂಪರ್ಕ ಮುಗಿದಿರುತ್ತದೆ. ಇವೆಲ್ಲಕ್ಕೂ ಕಾಗದ, ಲಕೋಟೆ, ಡಾಲರ್ ಬೇಕೆ?

ಒಂದೂವರೆ ತಿಂಗಳು ಸರ್ವರ್ ನಿಂತದ್ದನ್ನು ದೊಡ್ಡದು ಮಾಡುವವರು, ಕಾರ್ಡುಗಳನ್ನು ಒಟ್ಟುಗೂಡಿಸಿ ಕಳುಹಿಸುವ ಬ್ಯೂರೋ ಮೂಲಕ ಹಾಕಿದ ಕಾರ್ಡು ಬರಲು ವರ್ಷಗಳೇ ಹಿಡಿಯುವುದನ್ನು ಹೇಳುವುದಿಲ್ಲ. ವಿಯೆನ್ನಾದವರಾಗಲಿ ಬೇರಾರಾಗಲಿ ನನ್ನ ಕಾರ್ಡುಗಳನ್ನು ಕೇಳಿಕೊಂಡು ಈವರೆಗೆ ಬಂದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಅವುಗಳಿಗೆ ಬೂಷ್ಟು ಹಿಡಿಯುತ್ತಿದೆ. ಅಂಡಮಾನಿನವರ ಸೇವೆಯ ಬಗ್ಗೆ ನನಗೂ ಗೌರವವಿದೆ, ಆದರೆ ಆ ದಿನ ಜನರ ಕೆಲಸಕ್ಕೆ ಬಂದದ್ದು ಟ್ರಾನ್ಸ್‌ಸೀವರ್.

ನಮ್ಮಲ್ಲಿ ಹನ್ನೆರಡು ವರ್ಷದ ಮಗುವೂ ಹ್ಯಾಮ್ ಪರೀಕ್ಷೆಗೆ ಕೂರಬಹುದು. ತೇರ್ಗಡೆಯಾದವರಿಗೆ, ‘ಇನ್ನು ಕಾರ್ಡು ಅಚ್ಚು ಹಾಕಿಸು’ ಎನ್ನುವ ಬದಲು, ಲೈಸೆನ್ಸಿನ ಪ್ರತಿ ಕಳುಹಿಸಿ ಲಾಗ್‌ಬುಕ್ಕಿನ ಡಿಜಿಟಲ್ ಪ್ರಮಾಣಪತ್ರ ಪಡೆಯುವುದನ್ನು ಕ್ಲಬ್ಬುಗಳು ಕಲಿಸಲಿ. ಅಲ್ಲಿ ಸಂಪರ್ಕಗಳನ್ನು ದಾಖಲಿಸಲು ಶುಲ್ಕವಿಲ್ಲ. ಪ್ರಶಸ್ತಿಗೆ ಅರ್ಜಿ ಹಾಕುವಾಗ ಮಾತ್ರ ಕೊಡಬೇಕು. ಉಳಿದ ಹಣಕ್ಕೆ ಆಂಟೆನಾಕ್ಕೆ ಬೇಕಾದ ಒಳ್ಳೆಯ ಕೋಆಕ್ಸಿಯಲ್ ಕೇಬಲ್ ಬರುತ್ತದೆ.