ಗೆದ್ದವನು ಹವಾಯಿ ಚಪ್ಪಲಿಯಲ್ಲಿ ಓಡಿದ ಬೆಳಿಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನಾನು 100 ಮೈಲಿ ಓಡುವ ಪೈಕಿಯವನಲ್ಲ. ಹಾಫ್ ಮ್ಯಾರಥಾನ್ ಮುಗಿಸಿದರೆ ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುವವನು. ಆದರೂ ಅಮೆರಿಕದ ಫ್ರೀಮಾಂಟ್‌ಗೆ ಬಂದ ಮೇಲೆ ಗೆಳೆಯನೊಬ್ಬನ ಕಾಟ ತಾಳಲಾರದೆ ಎರಡು ಸಲ ವೆಸ್ಟರ್ನ್ ಸ್ಟೇಟ್ಸ್ ಓಟದಲ್ಲಿ ಚಾಕರಿಗೆ ಹೋಗಿದ್ದೇನೆ.

ಗೊತ್ತಿಲ್ಲದವರಿಗೆ: ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳಲ್ಲಿ ಒಲಿಂಪಿಕ್ ವ್ಯಾಲಿಯಿಂದ ಆಬರ್ನ್‌ವರೆಗೆ 100.2 ಮೈಲಿ. 30 ಗಂಟೆಯೊಳಗೆ ಮುಗಿಸಬೇಕು. ಮೂಲದಲ್ಲಿ ಇದು ಕುದುರೆ ಸವಾರರ ಪಂದ್ಯದ ದಾರಿ. ಗಾರ್ಡಿ ಏನ್ಸ್‌ಲೀ ಎಂಬುವನ ಕುದುರೆ 1973ರಲ್ಲಿ ಅರ್ಧ ದಾರಿಯೂ ಮುಗಿಯುವ ಮೊದಲೇ ಕುಂಟತೊಡಗಿತು. ಮರುವರ್ಷ ಅವನು ಕುದುರೆಯ ಗೊಡವೆಯೇ ಬೇಡ ಎಂದು ತಾನೇ ಓಡಿದ, 23 ಗಂಟೆ 42 ನಿಮಿಷದಲ್ಲಿ ಮುಗಿಸಿಯೂ ಬಿಟ್ಟ.

ಈಗ ಅಲ್ಲಿ ಓಡುವವರು ಸುಮಾರು 370 ಜನ. ಚಾಕರಿ ಮಾಡುವವರು 1,500ಕ್ಕೂ ಜಾಸ್ತಿ! ಅಂದರೆ ಒಬ್ಬ ಓಟಗಾರನಿಗೆ ನಾಲ್ಕು ಜನ. ನಮ್ಮೂರ ತೇರಲ್ಲೂ ಲೆಕ್ಕ ಹೀಗೇ ಅಲ್ವಾ? ತೇರಲ್ಲಿ ಕೂರುವವರು ನಾಲ್ಕು ಜನ, ಹಗ್ಗ ಹಿಡಿಯುವವರು ಊರೆಲ್ಲ.

ನನ್ನ ಕೆಲಸ 62ನೇ ಮೈಲಿಯ ಫಾರೆಸ್ಟ್‌ಹಿಲ್‌ನಲ್ಲಿ. ಆಲೂಗಡ್ಡೆ ಬೇಯಿಸಿ, ಹೆಚ್ಚಿ, ಪಕ್ಕದಲ್ಲಿ ಉಪ್ಪಿನ ಬಟ್ಟಲು ಇಟ್ಟು ನಿಲ್ಲುವುದು. ಕಣಿವೆಗಳ ಬಿಸಿಲಲ್ಲಿ ಬೆಂದು ಬಂದವರಿಗೆ ಮಾತೇ ಹೊರಡುವುದಿಲ್ಲ. ನಾನು ಮೊದಲು "ಏನು ಕೊಡಲಿ?" ಅಂತ ಕೇಳುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಗದರಿದರು: "ಕೇಳಬೇಡಪ್ಪ, ಕಣ್ಣೆದುರು ಹಿಡಿ. ಕೈ ತಾನೇ ಮುಂದೆ ಬರುತ್ತೆ." ಹಾಗೇ ಆಯಿತು. ಮದುವೆ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದವರಿಗೆ ಇದು ಗೊತ್ತಿರುತ್ತದೆ, ಬೇಕಾ ಅಂತ ಕೇಳಿದರೆ ಯಾರೂ ಹ್ಞೂಂ ಅನ್ನುವುದಿಲ್ಲ. ಒಬ್ಬ ಕುರ್ಚಿಯಲ್ಲಿ ಕುಸಿದು ಕೂತ. ಅಜ್ಜಿ ಅವನ ಟೋಪಿಗೆ ಐಸ್ ತುಂಬಿ ತಲೆ ಮೇಲಿಟ್ಟರು, ಬಾಟಲಿ ಕೈಗಿತ್ತರು, ಆಮೇಲೆ ಕಂಕುಳಿಗೆ ಕೈ ಹಾಕಿ ಎಬ್ಬಿಸಿಯೇಬಿಟ್ಟರು. ಕುರ್ಚಿ ಅಲ್ಲಿ ದೊಡ್ಡ ಶತ್ರು, ಕೂತವನು ಏಳುವುದಿಲ್ಲ.

ನನಗೆ ತುಂಬಾ ಇಷ್ಟವಾದ ನಿಯಮ ಒಂದಿದೆ. ಓಡಬೇಕಾದರೆ ಮೊದಲು 8 ಗಂಟೆ ಕೆಲಸ ಮಾಡಿರಬೇಕು. ಬೇರೆ ಓಟಗಾರರಿಗೆ ನೀರು ಕೊಡಿ, ಇಲ್ಲ ಕಾಡಿನ ದಾರಿ ರಿಪೇರಿಗೆ ಬನ್ನಿ. 2022ರ ಕಾಡ್ಗಿಚ್ಚು ಈ ದಾರಿಯ ಒಂದಷ್ಟು ಭಾಗವನ್ನು ಸುಟ್ಟಾಗ ಗರಗಸ, ಗುದ್ದಲಿ ಹಿಡಿದು ಹೋದವರಲ್ಲಿ ಓಟಗಾರರೂ ಇದ್ದರು. ವಾಟ್ಸಾಪ್ ಗುಂಪು ಮಾಡಿ, ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟ್ ಹಂಚಿ "ನಮ್ಮ ರನ್ನಿಂಗ್ ಫ್ಯಾಮಿಲಿ" ಅಂದುಬಿಟ್ಟರೆ ಆಗುವುದಿಲ್ಲ ಸ್ವಾಮಿ. ಒಟ್ಟಿಗೆ ಗುದ್ದಲಿ ಹಿಡಿಯಬೇಕು.

ಇನ್ನೊಂದು, ಕೊನೆಯವರಿಗಾಗಿ ಕಾಯಬೇಕು. ಊರಲ್ಲಿದ್ದಾಗ ಒಂದು ಬೆಟ್ಟದ ಓಟದಲ್ಲಿ ಗಡುವಿಗೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ನಾನು ಮುಟ್ಟಿದೆ. ಗುರಿಯಲ್ಲಿ ನಿಲ್ಲಿಸಿದ್ದ ಗಾಳಿ ತುಂಬಿದ ಕಮಾನಿನ ಗಾಳಿ ಆಗಲೇ ತೆಗೆದಿದ್ದರು. ಬಾಳೆಹಣ್ಣು ಖಾಲಿ. ಟೆಂಪೋ ಹತ್ತುತ್ತಿದ್ದ ಹುಡುಗನೊಬ್ಬ ರಟ್ಟಿನ ಡಬ್ಬದಲ್ಲಿ ಕೈಯಾಡಿಸಿ ಮೆಡಲ್ ಕೊಟ್ಟ. ಪಾಪ, ಅವನ ತಪ್ಪೇನಿಲ್ಲ. ಆದರೆ ನಾನು ಆ ಓಟಕ್ಕೆ ಮತ್ತೆ ಹೋಗಲಿಲ್ಲ.

ಆಬರ್ನ್‌ನಲ್ಲಿ ಜನ ತುಂಬುವುದೇ ಕೊನೆಯ ಗಂಟೆಗೆ. 2015ರಲ್ಲಿ 70 ವರ್ಷದ ಗುನ್‌ಹಿಲ್ಡ್ ಸ್ವಾನ್‌ಸನ್ 29 ಗಂಟೆ 59 ನಿಮಿಷ 54 ಸೆಕೆಂಡಿಗೆ ಮುಟ್ಟಿದರು. ಉಳಿದಿದ್ದು ಆರೇ ಸೆಕೆಂಡು! ಆ ಕೊನೆಯ ಮೈಲಿ ಅವರ ಜೊತೆ ಓಡಿದ್ದು ಯಾರು ಗೊತ್ತಾ? ರಾಬ್ ಕ್ರಾರ್, ಅದೇ ಓಟವನ್ನು ಹಿಂದಿನ ಸಂಜೆ 15 ಗಂಟೆಯೊಳಗೆ ಗೆದ್ದವನು. ಕಾಲಲ್ಲಿ ಹವಾಯಿ ಚಪ್ಪಲಿ. ಆ ವಿಡಿಯೋ ನೋಡಿದಾಗಲೆಲ್ಲ ಕಣ್ಣು ಒದ್ದೆಯಾಗುತ್ತದೆ, ನಗಬೇಡಿ.

ಎಲ್ಲವೂ ಚೆಂದ ಅಂತಲ್ಲ. ಓಡುವವರನ್ನು ಆರಿಸಲು ಡಿಸೆಂಬರ್‌ನಲ್ಲಿ ಚೀಟಿ ಎತ್ತುತ್ತಾರೆ, ಸಾವಿರಾರು ಜನ ಹೆಸರು ಕೊಟ್ಟಿರುತ್ತಾರೆ, ವರ್ಷಗಟ್ಟಲೆ ಕಾಯಬೇಕು. ನನ್ನ ಗೆಳೆಯನ ಹೆಸರು ಆರು ವರ್ಷವಾದರೂ ಬಂದಿಲ್ಲ. ಆಗ ಮುಖ ಊದಿಸಿಕೊಂಡಿರುತ್ತಾನೆ, ಓಟದ ಜೂನ್ ಬಂದರೆ ಸ್ಪಂಜಿನ ಬಕೆಟ್ ಕಾರಿಗೆ ಹಾಕಿಕೊಂಡು ನನ್ನ ಮನೆ ಮುಂದೆ ಹಾರ್ನ್ ಹೊಡೆಯುತ್ತಾನೆ.

ಈ ಸಲವೂ ಹೋಗುತ್ತಿದ್ದೇವೆ. ನನಗೆ ಆಲೂಗಡ್ಡೆಯಿಂದ ಐಸ್‌ಗೆ ಬಡ್ತಿ ಸಿಕ್ಕಿದೆ.