ಆ ಇಂಟು ಮಾರ್ಕನ್ನು ಬಿಟ್ಟುಬಿಡಿ

ಈಗಷ್ಟೇ ಒಂದು ಸ್ಕ್ರೀನ್ ಶೇರ್ ಮುಗಿಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಆ ಕಡೆ ಇದ್ದ ಹುಡುಗ ಬುದ್ಧಿವಂತ, ಕೆಲಸದಲ್ಲಿ ಚುರುಕು. ಕೋಡ್ ಬರೆಯುವ ಎಡಿಟರ್ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ 40ಕ್ಕೂ ಹೆಚ್ಚು ಟ್ಯಾಬ್ ತೆರೆದಿದ್ದವು. ಒಂದೊಂದರ ಇಂಟು ಮಾರ್ಕಿಗೂ ಮೌಸ್ ಒಯ್ದು, ಗುರಿಯಿಟ್ಟು, ಒತ್ತಿ, ಮುಂದಿನದಕ್ಕೆ ಹೋಗುತ್ತಿದ್ದ. ನಡುವೆ ಒಂದು ಕಡೆ ‘ಸೇವ್ ಮಾಡಬೇಕೆ’ ಎಂದು ಕೇಳಿದ್ದನ್ನು ಓದದೆಯೇ ‘ನೋ’ ಒತ್ತಿದ. ಡೇಟಾಬೇಸಿಗೆಂದು ಬೆಳಗಿನಿಂದ ಬರೆದ ಕ್ವೆರಿಗಳೆಲ್ಲ ಅದರಲ್ಲಿದ್ದವು. ಹೋದವು. ತಪ್ಪು ಆ ಹುಡುಗನದಲ್ಲ. 20 ಸಲ ಕಣ್ಣು ಮುಚ್ಚಿ ಒತ್ತಿದ ಬೆರಳು 21ನೇ ಸಲ ನಿಂತು ಯೋಚಿಸುವುದಿಲ್ಲ. ತಪ್ಪು ಆ ಇಂಟು ಮಾರ್ಕಿನದು, ಅದನ್ನೊಂದೇ ದಾರಿ ಎಂದು ಕಲಿಸಿದವರದು.

ಎಡಿಟರಿನಲ್ಲಿ ತೆರೆದ ಟ್ಯಾಬ್‌ಗಳನ್ನು ಹೇಗೆ ಮುಚ್ಚಬೇಕು ಅಂತ ಎಷ್ಟೋ ಸಲ ಹೇಳಿದ್ದೇನೆ. ಆದರೂ ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು, ಇಂಟು ಮಾರ್ಕ್ ಯಾಕೆ ಕೆಟ್ಟದ್ದು. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅಲ್ಲಿಗೆ ಕೈ ಮುಟ್ಟಲು ಹೆಚ್ಚು ಹೊತ್ತು ಬೇಕು ಎಂಬುದನ್ನು ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಟ್ಯಾಬಿನ ಇಂಟು ಮಾರ್ಕ್ ಎರಡೂ ಹೌದು: ಬೆರಳೆಣಿಕೆಯಷ್ಟು ಪಿಕ್ಸೆಲ್, ಅದೂ ಪರದೆಯ ನೆತ್ತಿಯಲ್ಲಿ. ಸಾಲದ್ದಕ್ಕೆ ಎಡಿಟರ್‌ಗಳಲ್ಲಿ ಟ್ಯಾಬಿನ ಅಗಲ ಫೈಲಿನ ಹೆಸರಿನಷ್ಟೇ ಇರುತ್ತೆ. ಒಂದು ಮುಚ್ಚಿದರೆ ಮುಂದಿನದು ಎಡಕ್ಕೆ ಜಾರುತ್ತೆ, ಆದರೆ ಅದರ ಇಂಟು ಮಾರ್ಕ್ ನಿಮ್ಮ ಬಾಣದ ಕೆಳಗೇ ಬಂದು ನಿಲ್ಲುವುದಿಲ್ಲ, ಯಾಕೆಂದರೆ ಹೆಸರಿನ ಉದ್ದ ಬೇರೆ. ಪ್ರತಿ ಸಲವೂ ಹೊಸದಾಗಿ ಗುರಿಯಿಡಬೇಕು.

ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್‌ನಲ್ಲಿ ಇನ್ನೊಂದು ಅನ್ಯಾಯ ಇದೆ. ಸೇವ್ ಆಗದ ಫೈಲಿನ ಟ್ಯಾಬಿನಲ್ಲಿ ಇಂಟು ಮಾರ್ಕಿನ ಜಾಗದಲ್ಲಿ ಒಂದು ತುಂಬಿದ ಚುಕ್ಕೆ ಇರುತ್ತೆ. ‘ಇದರಲ್ಲಿ ಬದಲಾವಣೆ ಇದೆ, ಜೋಪಾನ’ ಎನ್ನುವ ಗುರುತು ಅದು. ಮೌಸ್ ಅದರ ಮೇಲೆ ಹೋದ ಕೂಡಲೇ ಚುಕ್ಕೆ ಮಾಯವಾಗಿ ಇಂಟು ಮಾರ್ಕ್ ಬರುತ್ತೆ. ಎಚ್ಚರಿಕೆ ಬೇಕಾದ ಕ್ಷಣದಲ್ಲೇ ಎಚ್ಚರಿಕೆಯನ್ನು ಅಳಿಸುತ್ತಾರೆ! ಇದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತೆ.

ಹಾಗಾಗಿ ಅದನ್ನು ತೆಗೆದೇಹಾಕಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಸೆಟ್ಟಿಂಗ್ಸ್, ಪ್ರಿಫರೆನ್ಸಸ್, ಟ್ಯಾಬ್ ಬಾರ್ ಪುಟಕ್ಕೆ ಹೋಗಿ ಕ್ಲೋಸ್ ಬಟನ್ ತೋರಿಸುವ ಟಿಕ್ ತೆಗೆಯಿರಿ (ಹಳೆಯ ಆವೃತ್ತಿಯಾದರೆ ಇದು ಜನರಲ್ ಪುಟದಲ್ಲೇ ಇರುತ್ತೆ). ವಿಎಸ್ ಕೋಡ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ‘ಟ್ಯಾಬ್ ಆ್ಯಕ್ಷನ್ ಕ್ಲೋಸ್ ವಿಸಿಬಿಲಿಟಿ’ ಎಂದು ಹುಡುಕಿ ಆಫ್ ಮಾಡಿ. ಕಿರಿದಾದ ಟ್ಯಾಬನ್ನು ತೆರೆಯಲು ಹೋಗಿ ತಪ್ಪಿ ಮುಚ್ಚುವ ಗೋಳೂ ಇದರ ಜತೆಗೇ ತಪ್ಪುತ್ತೆ.

ಬದಲಿಗೆ ಏನು? ಕೈ ಕೀಬೋರ್ಡ್ ಮೇಲಿದ್ದರೆ ಕಂಟ್ರೋಲ್-ಡಬ್ಲ್ಯು. ಕೈ ಮೌಸ್ ಮೇಲಿದ್ದರೆ ಟ್ಯಾಬಿನ ಮೇಲೆ ಎಲ್ಲಾದರೂ ಚಕ್ರವನ್ನು ಒತ್ತಿ. ಹೌದು, ತಿರುಗಿಸುವ ಆ ಚಕ್ರವೇ ನಡುವಿನ ಬಟನ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಎಸ್ ಕೋಡ್, ಸಬ್ಲೈಮ್ ಟೆಕ್ಸ್ಟ್ ಮೂರರಲ್ಲೂ ಇದು ಕೆಲಸ ಮಾಡುತ್ತೆ. ಇಡೀ ಟ್ಯಾಬೇ ಗುರಿ, ಬೇರೆ ಟ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರೂ ಅಲ್ಲಿಂದ ಕದಲದೆ ಇದನ್ನು ಮುಚ್ಚಬಹುದು. ಲ್ಯಾಪ್‌ಟಾಪಿನಲ್ಲಿ ಮೌಸ್ ಇಲ್ಲದವರು ವಿಂಡೋಸ್ 11ರ ಟಚ್‌ಪ್ಯಾಡ್ ಸೆಟ್ಟಿಂಗ್ಸ್‌ನಲ್ಲಿ ಮೂರು ಬೆರಳಿನ ತಟ್ಟುವಿಕೆಯನ್ನು ಮಿಡ್ಲ್ ಮೌಸ್ ಬಟನ್ ಎಂದು ಬದಲಿಸಿಕೊಳ್ಳಿ. ಲಿನಕ್ಸ್ ಬಳಸುವವರು ಮಾತ್ರ ಒಂದು ನೆನಪಿಡಿ: ಅಲ್ಲಿ ಬರಹದ ಜಾಗದಲ್ಲಿ ಚಕ್ರ ಒತ್ತಿದರೆ ಕೊನೆಗೆ ಸೆಲೆಕ್ಟ್ ಮಾಡಿದ್ದು ಪೇಸ್ಟ್ ಆಗುತ್ತೆ. ಟ್ಯಾಬ್ ತಪ್ಪಿ ಬೆರಳು ಸ್ವಲ್ಪ ಕೆಳಗೆ ಬಿದ್ದರೆ ಫೈಲಿನೊಳಗೆ ನಿಮಗೇ ಗೊತ್ತಿಲ್ಲದ ಒಂದು ತುಣುಕು ಸೇರಿರುತ್ತೆ. ಒತ್ತಿದ ಮೇಲೆ ಟ್ಯಾಬ್ ಮುಚ್ಚಲಿಲ್ಲ ಅಂದರೆ ಮೊದಲು ಕಂಟ್ರೋಲ್-ಝೆಡ್.

ಡಬಲ್ ಕ್ಲಿಕ್ ಮಾಡಿ ಮುಚ್ಚುವ ಆಯ್ಕೆಯೂ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಅದೇ ಟ್ಯಾಬ್ ಬಾರ್ ಪುಟದಲ್ಲಿದೆ. ಅದನ್ನು ಬಳಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಟ್ಯಾಬ್ ಸಾಲಿನ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿದರೆ ಹೊಸ ಫೈಲ್ ತೆರೆಯುತ್ತೆ, ಹಾಗಾಗಿ ಬಲತುದಿಯ ಟ್ಯಾಬ್ ತಪ್ಪಿದರೆ ಒಂದು ಮುಚ್ಚುವ ಬದಲು ಒಂದು ಹುಟ್ಟುತ್ತೆ. ವಿಎಸ್ ಕೋಡ್‌ನಲ್ಲಂತೂ ಡಬಲ್ ಕ್ಲಿಕ್ಕಿಗೆ ‘ಈ ಟ್ಯಾಬ್ ಇರಲಿ’ ಎಂದು ಪೂರ್ತಿ ಉಲ್ಟಾ ಅರ್ಥ. ಎರಡನ್ನೂ ಬಳಸುವವರ ಬೆರಳು ಯಾವುದನ್ನು ನಂಬಬೇಕು?

ಇನ್ನು ಮುಖ್ಯ ಮಾತು. 40 ಟ್ಯಾಬ್ ಇರುವಾಗ ಒಂದೊಂದನ್ನೇ ಮುಚ್ಚುವುದೇ ತಪ್ಪು, ಇಂಟು ಮಾರ್ಕಾಗಲಿ ಕಂಟ್ರೋಲ್-ಡಬ್ಲ್ಯು ಆಗಲಿ. ಸೇವ್ ಆದದ್ದನ್ನೆಲ್ಲ ಒಂದೇ ಏಟಿಗೆ ಮುಚ್ಚಿ, ಉಳಿದದ್ದನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಫೈಲ್ ಮೆನುವಿನಲ್ಲಿ ಕ್ಲೋಸ್ ಮಲ್ಟಿಪಲ್ ಡಾಕ್ಯುಮೆಂಟ್ಸ್ ಅಂತ ಇದೆ. ಅದರಡಿ ಎಡಗಡೆಯದ್ದೆಲ್ಲ ಮುಚ್ಚು, ಬಲಗಡೆಯದ್ದೆಲ್ಲ ಮುಚ್ಚು, ಇದೊಂದು ಬಿಟ್ಟು ಉಳಿದದ್ದೆಲ್ಲ ಮುಚ್ಚು ಎಂದು ಹಲವು ಆಯ್ಕೆಗಳಿವೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ‘ಕ್ಲೋಸ್ ಆಲ್ ಅನ್‌ಚೇಂಜ್ಡ್’. ಅದನ್ನು ಒತ್ತಿದರೆ ಬದಲಾವಣೆ ಇಲ್ಲದವೆಲ್ಲ ಒಂದು ಪ್ರಶ್ನೆಯನ್ನೂ ಕೇಳದೆ ಹೋಗುತ್ತವೆ. ಕೆಂಪು ಗುರುತಿನವು ನಾಲ್ಕೋ ಐದೋ ಉಳಿಯುತ್ತವೆ. ನಾಲ್ಕಾದರೆ ಯಾರಾದರೂ ಓದಿ ನೋಡುತ್ತಾರೆ.

ಇಷ್ಟು ಒಳ್ಳೆಯ ಆಯ್ಕೆಗೆ ಕೀ ಕೊಟ್ಟಿಲ್ಲ. ಕಂಟ್ರೋಲ್-ಶಿಫ್ಟ್-ಡಬ್ಲ್ಯು ಕೀಯನ್ನು ‘ಕ್ಲೋಸ್ ಆಲ್’ಗೆ ಕೊಟ್ಟಿದ್ದಾರೆ. ನೀವೇ ಕಿತ್ತುಕೊಳ್ಳಿ. ಸೆಟ್ಟಿಂಗ್ಸ್ ಮೆನುವಿನ ಶಾರ್ಟ್‌ಕಟ್ ಮ್ಯಾಪರ್ ತೆರೆಯಿರಿ, ಮೇನ್ ಮೆನು ಹಾಳೆಯಲ್ಲಿರಿ, ಕೆಳಗಿನ ಫಿಲ್ಟರ್ ಪೆಟ್ಟಿಗೆಯಲ್ಲಿ ಕ್ಲೋಸ್ ಎಂದು ಟೈಪಿಸಿ. ಮೊದಲು ಕ್ಲೋಸ್ ಆಲ್ ಸಾಲನ್ನು ಆರಿಸಿ ಕ್ಲಿಯರ್ ಒತ್ತಿ. ಆಮೇಲೆ ಕ್ಲೋಸ್ ಆಲ್ ಅನ್‌ಚೇಂಜ್ಡ್ ಆರಿಸಿ, ಮಾಡಿಫೈ ಒತ್ತಿ, ಕಂಟ್ರೋಲ್ ಮತ್ತು ಶಿಫ್ಟ್ ಟಿಕ್ ಮಾಡಿ ಪಟ್ಟಿಯಿಂದ ಡಬ್ಲ್ಯು ಆರಿಸಿ. ಈ ಕ್ರಮ ತಪ್ಪಿದರೆ ಒಂದೇ ಕೀ ಎರಡು ಕಡೆ ಇದೆ ಎಂದು ಕೆಳಗಿನ ಪೆಟ್ಟಿಗೆಯಲ್ಲಿ ಎಚ್ಚರಿಕೆ ಬರುತ್ತೆ, ಅದನ್ನು ಕಡೆಗಣಿಸಬೇಡಿ. ಈ ಬದಲಾವಣೆ ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನೊಳಗಿನ ಶಾರ್ಟ್‌ಕಟ್ಸ್ ಡಾಟ್ ಎಕ್ಸ್ಎಂಎಲ್ ಫೈಲಿನಲ್ಲಿ ಕೂರುತ್ತೆ. ಬೇರೆ ಕಂಪ್ಯೂಟರಿಗೆ ಬೇಕಿದ್ದರೆ ಅದೊಂದನ್ನು ನಕಲು ಮಾಡಿದರೆ ಸಾಕು.

ಯಾವುದೋ ಒಂದು ಪ್ರಾಜೆಕ್ಟಿನ ಫೈಲುಗಳನ್ನಷ್ಟೇ ಮುಚ್ಚಬೇಕೆ? ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ವಿಂಡೋ ಮೆನುವಿನಲ್ಲಿ ವಿಂಡೋಸ್ ಎಂಬ ಸಾಲಿದೆ. ತೆರೆದ ಫೈಲುಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಪಾತ್ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಒಂದೇ ಫೋಲ್ಡರಿನವು ಒಟ್ಟಿಗೆ ಬಂದು ಕೂರುತ್ತವೆ. ಶಿಫ್ಟ್ ಹಿಡಿದು ಆರಿಸಿ, ಅಲ್ಲೇ ಮುಚ್ಚಿ. ಇಷ್ಟು ಚೆನ್ನಾಗಿರುವುದನ್ನು ವರ್ಷಗಟ್ಟಲೆ ಈ ಎಡಿಟರ್ ಬಳಸಿದವರೂ ತೆರೆದು ನೋಡಿರುವುದಿಲ್ಲ. ನನಗೆ ಇದರಷ್ಟು ಬೇಸರದ ವಿಷಯ ಬೇರೆ ಇಲ್ಲ.

ವಿಎಸ್ ಕೋಡ್‌ನಲ್ಲಿ ಸೇವ್ ಆದದ್ದನ್ನೆಲ್ಲ ಮುಚ್ಚಲು ಕಂಟ್ರೋಲ್-ಕೆ, ನಂತರ ಯು. ಇಲ್ಲಿ ಬಹಳ ಜನ ಎಡವುತ್ತಾರೆ. ಕಂಟ್ರೋಲ್-ಕೆ ಒತ್ತಿ ಎರಡೂ ಬೆರಳು ಎತ್ತಬೇಕು, ಆಮೇಲೆ ಬರೀ ಯು. ಕಂಟ್ರೋಲ್ ಹಿಡಿದೇ ಯು ಒತ್ತಿದರೆ ಅದು ಬೇರೆ ಆಜ್ಞೆ, ಆ ಸಾಲಿನ ಕಾಮೆಂಟ್ ಗುರುತು ತೆಗೆದುಬಿಡುತ್ತೆ. ಹಾಗೆಯೇ ಕಂಟ್ರೋಲ್-ಕೆ ನಂತರ ಬರೀ ಡಬ್ಲ್ಯು ಒತ್ತಿದರೆ ಆ ಗುಂಪಿನ (ಎಡಿಟರನ್ನು ಭಾಗ ಮಾಡಿಕೊಂಡಿದ್ದರೆ ಆ ಒಂದು ಭಾಗದ) ಟ್ಯಾಬ್‌ಗಳು ಮಾತ್ರ ಮುಚ್ಚುತ್ತವೆ, ಕಂಟ್ರೋಲ್ ಹಿಡಿದೇ ಡಬ್ಲ್ಯು ಒತ್ತಿದರೆ ಎಲ್ಲ ಗುಂಪಿನವೂ. ಇನ್ನೊಂದು: ಆಟೋ ಸೇವ್ ಹಾಕಿಕೊಂಡವರಿಗೆ ಫೈಲುಗಳು ಸದಾ ಸೇವ್ ಆಗೇ ಇರುವುದರಿಂದ ಈ ಯು ಆಜ್ಞೆ ಈಗ ಬರೆಯುತ್ತಿರುವುದನ್ನೂ ಸೇರಿಸಿ ಎಲ್ಲವನ್ನೂ ಒಯ್ಯುತ್ತೆ. ಬಿಡಬಾರದ ಫೈಲುಗಳನ್ನು ಪಿನ್ ಮಾಡಿಕೊಳ್ಳಿ, ಕಂಟ್ರೋಲ್-ಕೆ ಆದಮೇಲೆ ಶಿಫ್ಟ್-ಎಂಟರ್. ಪಿನ್ ಮಾಡಿದ ಟ್ಯಾಬ್ ಕಂಟ್ರೋಲ್-ಡಬ್ಲ್ಯುಗೂ ಚಕ್ರಕ್ಕೂ ಬಗ್ಗುವುದಿಲ್ಲ. ಮತ್ತೆ ಕಂಟ್ರೋಲ್-ಡಬ್ಲ್ಯು ಅನ್ನು ಬಡಬಡನೆ ಒತ್ತುತ್ತಾ ಹೋಗಬೇಡಿ, ಟ್ಯಾಬ್‌ಗಳು ಮುಗಿದ ಮೇಲೂ ಒಂದು ಹೆಚ್ಚಾದರೆ ಕಿಟಕಿಯೇ ಮುಚ್ಚುತ್ತೆ.

ಅಸಲಿಗೆ ವಿಎಸ್ ಕೋಡ್‌ನಲ್ಲಿ ಟ್ಯಾಬ್ ಗುಡ್ಡೆ ಬೀಳುವುದೇ ಎಡಗಡೆಯ ಪಟ್ಟಿಯಲ್ಲಿ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡುವ ಚಾಳಿಯಿಂದ. ಒಂದೇ ಕ್ಲಿಕ್ಕಿಗೆ ಫೈಲ್ ಓರೆ ಅಕ್ಷರದ ಹೆಸರಿನಲ್ಲಿ ತೆರೆಯುತ್ತೆ. ಮುಂದಿನ ಫೈಲ್ ಅದೇ ಜಾಗಕ್ಕೆ ಬರುತ್ತೆ, ಮುಚ್ಚುವ ಕೆಲಸವೇ ಇಲ್ಲ. ಅದೂ ಸಾಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಎಡಿಟರ್ ಲಿಮಿಟ್’ ಆನ್ ಮಾಡಿ. ಮೊದಲೇ 10 ಎಂದಿರುತ್ತೆ. ಮಿತಿ ದಾಟಿದರೆ ಬಹಳ ಹೊತ್ತಿನಿಂದ ಮುಟ್ಟದ ಟ್ಯಾಬ್ ತಾನೇ ಮುಚ್ಚುತ್ತೆ, ಸೇವ್ ಆಗದ್ದನ್ನು ಮುಟ್ಟುವುದಿಲ್ಲ.

‘ಯಾಕೆ ಮುಚ್ಚಬೇಕು, ರ‍್ಯಾಮ್ ಬೇಕಾದಷ್ಟಿದೆ’ ಎನ್ನುವವರು ಈ ಪೋಸ್ಟಿಗೂ ಬರುತ್ತಾರೆ. ರ‍್ಯಾಮ್ ಬಗ್ಗೆ ಯಾರು ಮಾತಾಡಿದರು? ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ರಿಪ್ಲೇಸ್ ಕಿಟಕಿಯಲ್ಲಿ ‘ತೆರೆದ ಎಲ್ಲ ಡಾಕ್ಯುಮೆಂಟುಗಳಲ್ಲಿ ಬದಲಿಸು’ ಎಂಬ ಬಟನ್ ಇದೆ. ಮೂರು ಫೈಲಿಗೆಂದು ಒತ್ತಿದ್ದು ಮರೆತುಬಿಟ್ಟ 37 ಫೈಲಿಗೂ ಹೋಗುತ್ತೆ. ಒಂದೇ ಹೆಸರಿನ ಎರಡು ಫೈಲ್ ತೆರೆದಿದ್ದಾಗ ಪರೀಕ್ಷೆಗೆ ಇಟ್ಟದ್ದನ್ನು ಬಿಟ್ಟು ನಿಜವಾದ ಸರ್ವರಿನದನ್ನು ತಿದ್ದುವುದೂ ಹೀಗೆಯೇ. ಮುಚ್ಚುವುದು ಈ ಕಾರಣಕ್ಕೆ.

‘ಸೇವ್ ಮಾಡದಿದ್ದರೂ ಅದೇ ಇಟ್ಟುಕೊಳ್ಳುತ್ತೆ ಬಿಡಿ’ ಎನ್ನುವವರ ಮಾತು ಅರ್ಧ ನಿಜ, ಅಪಾಯ ಇರುವುದೂ ಆ ಅರ್ಧದಲ್ಲೇ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತಾನಾಗಿ ಪ್ರತಿ 7 ಸೆಕೆಂಡಿಗೆ ಬ್ಯಾಕಪ್ ಫೋಲ್ಡರಿನಲ್ಲಿ ಒಂದು ನಕಲು ಇಡುತ್ತೆ. ಇಡೀ ಪ್ರೋಗ್ರಾಮನ್ನೇ ಮುಚ್ಚಿದರೆ ಏನೂ ಕೇಳುವುದಿಲ್ಲ, ಮತ್ತೆ ತೆರೆದಾಗ ನ್ಯೂ 1, ನ್ಯೂ 2 ಎಂಬ ಹೆಸರಿನ ಸೇವ್ ಆಗದ ಟ್ಯಾಬ್‌ಗಳೆಲ್ಲ ಹಾಗೇ ಇರುತ್ತವೆ. ಇದನ್ನು ನೋಡಿ ನೋಡಿ ಟ್ಯಾಬಿನಲ್ಲಿದ್ದದ್ದು ಎಲ್ಲೂ ಹೋಗಲ್ಲ ಎಂಬ ನಂಬಿಕೆ ಬೆಳೆಯುತ್ತೆ. ಟ್ಯಾಬ್ ಮುಚ್ಚುವುದು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ‘ನೋ’ ಎಂದರೆ ಆ ಬ್ಯಾಕಪ್ ನಕಲೂ ಅಳಿಯುತ್ತೆ, ರೀಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ. ಮುಚ್ಚಿದ್ದನ್ನು ಮರಳಿ ತರುವ ಕಂಟ್ರೋಲ್-ಶಿಫ್ಟ್-ಟಿ ಇದೆಯಲ್ಲ ಅಂದರೆ, ಅದು ಡಿಸ್ಕಿನಲ್ಲಿರುವ ಫೈಲನ್ನು ಮತ್ತೆ ತೆರೆಯುತ್ತೆ ಅಷ್ಟೇ. ಎಂದೂ ಸೇವ್ ಆಗದ ನ್ಯೂ 7 ಎಲ್ಲಿಂದ ಬರಬೇಕು? ವಿಂಡೋಸ್‌ನ ಸಾದಾ ನೋಟ್‌ಪ್ಯಾಡಿಗೂ 2023ರಲ್ಲಿ ಟ್ಯಾಬ್ ಬಂತು, ಸೇವ್ ಆಗದ್ದನ್ನು ಉಳಿಸಿಕೊಳ್ಳುವ ಗುಣವೂ ಬಂತು. ಈ ತಪ್ಪು ನಂಬಿಕೆ ಈಗ ಪ್ರೋಗ್ರಾಮರ್ ಅಲ್ಲದವರಿಗೂ ಹರಡುತ್ತಿದೆ.

ಕಂಟ್ರೋಲ್-ಡಬ್ಲ್ಯು ಎಲ್ಲ ಕಡೆ ಮುಚ್ಚುವ ಕೀ ಅಲ್ಲ ಅನ್ನುವುದೂ ತಿಳಿದಿರಲಿ. ಆಜ್ಞೆಗಳನ್ನು ಟೈಪಿಸುವ ಟರ್ಮಿನಲ್‌ನಲ್ಲಿ ಬ್ಯಾಶ್ ಒಳಗೆ ಅದು ಹಿಂದಿನ ಪದವನ್ನು ಅಳಿಸುತ್ತೆ, ಬೇರೆ ಎಡಿಟರ್‌ಗಳಲ್ಲಿ ನೋಡಿದರೆ ನ್ಯಾನೋದಲ್ಲಿ ಹುಡುಕುತ್ತೆ, ಈಮ್ಯಾಕ್ಸ್‌ನಲ್ಲಿ ಕತ್ತರಿಸುತ್ತೆ, ವಿಮ್‌ನಲ್ಲಿ ಕಿಟಕಿಗಳ ಆಜ್ಞೆಗೆ ಮೊದಲ ಕೀ. ವಿಮ್‌ನ ‘ಟ್ಯಾಬ್‌ಕ್ಲೋಸ್’ ನೋಟವನ್ನು ಮಾತ್ರ ಮುಚ್ಚುತ್ತೆ, ಫೈಲ್ ಬಫರ್ ಎಂಬ ಒಳಪಟ್ಟಿಯಲ್ಲಿ ಉಳಿದಿರುತ್ತೆ. ಅದನ್ನೂ ಇಳಿಸಬೇಕೆಂದರೆ :bd ಎಂಬ ಆಜ್ಞೆ ಕೊಡಿ. ಬ್ರೌಸರಿನೊಳಗೆ ಎಡಿಟರ್ ತೆರೆದವರು ಕಂಟ್ರೋಲ್-ಡಬ್ಲ್ಯು ಒತ್ತಿದರೆ ಬ್ರೌಸರಿನ ಟ್ಯಾಬೇ ಮುಚ್ಚುತ್ತೆ. ಮ್ಯಾಕ್‌ನಲ್ಲಿ ಕಮಾಂಡ್-ಡಬ್ಲ್ಯು ಪಕ್ಕದಲ್ಲೇ ಕಮಾಂಡ್-ಕ್ಯು ಕೂತಿದೆ, ಜಾರಿದರೆ ಪ್ರೋಗ್ರಾಮೇ ನಿಲ್ಲುತ್ತೆ. ವಿಎಸ್ ಕೋಡ್‌ನವರು ‘ಕನ್‌ಫರ್ಮ್ ಬಿಫೋರ್ ಕ್ಲೋಸ್’ ಸೆಟ್ಟಿಂಗನ್ನು ‘ಕೀಬೋರ್ಡ್ ಓನ್ಲಿ’ ಮಾಡಿಕೊಂಡರೆ ಜಾರಿದಾಗ ಒಮ್ಮೆ ಕೇಳುತ್ತೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಆನ್ಸಿ ಎನ್‌ಕೋಡಿಂಗಿನ (ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಹಳೆಯ ಅಕ್ಷರ ಸಂಕೇತದ) ಫೈಲ್ ತೆರೆದು ಅದರೊಳಗೆ ಯೂನಿಕೋಡ್ ಕನ್ನಡ ಬರೆದರೆ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಎನ್‌ಕೋಡಿಂಗ್ ಯಾವುದೆಂದು ಕಿಟಕಿಯ ಕೆಳಗಿನ ಬಲಮೂಲೆಯಲ್ಲಿ ಬರೆದಿರುತ್ತೆ, ಅಲ್ಲಿ ನೋಡಿ. ಗಾಬರಿಯಲ್ಲಿ ಟ್ಯಾಬ್ ಮುಚ್ಚುವಾಗ ‘ಎಸ್’ ಒತ್ತಬೇಡಿ, ಒತ್ತಿದರೆ ಡಿಸ್ಕಿನಲ್ಲಿರುವ ಫೈಲಿಗೂ ಆ ಚಿಹ್ನೆಗಳು ಇಳಿಯುತ್ತವೆ. ‘ಕ್ಯಾನ್ಸಲ್’ ಒತ್ತಿ, ಚೆನ್ನಾಗಿ ಉಳಿದ ಭಾಗವೇನಾದರೂ ಇದ್ದರೆ ಹೊಸ ಯುಟಿಎಫ್-8 (ಯೂನಿಕೋಡ್ ಎನ್‌ಕೋಡಿಂಗ್) ಫೈಲಿಗೆ ನಕಲಿಸಿ ಸೇವ್ ಮಾಡಿ. ಆಮೇಲೆ ಮೊದಲಿನ ಟ್ಯಾಬ್ ಮುಚ್ಚಿ, ಕೇಳಿದಾಗ ‘ನೋ’ ಅನ್ನಿ. ಆ ‘ನೋ’ ಒಂದನ್ನು ಧೈರ್ಯವಾಗಿ ಒತ್ತಬಹುದು.